ಎತ್ತಿ ಹೊಯ್ದ ನೀರು

ತಿರ್ಲಾಪುರದ ಶಾಲೆಯ ಅಂಗಳದಲ್ಲಿ, ಮೂವತ್ತು ವಿದ್ಯಾರ್ಥಿಗಳ ಕಣ್ಣೆದುರಿಗೆ, ನಾನು ಪ್ರೀತಿಸುವ ಹುಡುಗಿಗೆ ನಾನೇ ಅವಮಾನ ಮಾಡಿದೆ. ಮಾಡುವಾಗ ಅದು ಅವಮಾನವೆಂದೂ ನನಗೆ ತಿಳಿದಿರಲಿಲ್ಲ.

ಎಂಬತ್ತೆರಡರ ಬೇಸಿಗೆ. ಸುತ್ತಲಿನ ಹಳ್ಳಿಗಳಲ್ಲಿ ಕಾಲರಾ ಹಬ್ಬಿತ್ತು. ಧಾರವಾಡದ ಯುನಿವರ್ಸಿಟಿಯಿಂದ ಕ್ಯಾಂಪಿಗೆ ಬಂದ ನಾವು, ಕೆರೆ ನೀರು ಕುದಿಸಿ ಕುಡಿಯಿರಿ, ಕೈ ತೊಳೆಯಿರಿ ಎಂದು ಮನೆ ಮನೆಗೆ ಹೇಳುತ್ತಿದ್ದೆವು. ಎಲ್ಲರಿಗಿಂತ ಜೋರು ದನಿ ನನ್ನದು. ನಾನು ಭಾಷಣ ಬಿಗಿದರೆ, ನನ್ನ ಜೊತೆ ಓದುತ್ತಿದ್ದ ಸಾವಂತ್ರೆವ್ವ ಹಿಂದೆ ನಿಂತು ತುಟಿಯಂಚಿನಲ್ಲೇ ನಗುತ್ತಿದ್ದಳು.

"ಶಂಕ್ರಪ್ಪ, ಉಗುರು ತೋರಸ್ರಿ" ಎಂದು ಒಮ್ಮೆ ನನ್ನ ಕೈ ಹಿಡಿದೇ ನೋಡಿದಳು. "ಅಬ್ಬಾ, ಊರಿಗೆಲ್ಲಾ ಉಪದೇಶ, ಉಗುರಾಗ ಮಣ್ಣು!"

ಆ ಕೈಯನ್ನು ಅವತ್ತೆಲ್ಲ ತೊಳೆಯಲು ಮನಸ್ಸಾಗಲಿಲ್ಲ. ಆರೋಗ್ಯ ಸಮಿತಿಯ ಲೀಡರ್ ಬೇರೆ ನಾನು!

ಕ್ಯಾಂಪಿನ ನಿಯಮ ನಾನೇ ಮಾಡಿದ್ದು: ಕುದಿಸಿದ ನೀರಿನ ಹಂಡೆಗೆ ಯಾರೂ ಕೈ ಹಾಕಬಾರದು, ಒಬ್ಬರ ಲೋಟದಲ್ಲಿ ಇನ್ನೊಬ್ಬರು ಕುಡಿಯಬಾರದು. ಉದ್ದ ಹಿಡಿಕೆಯ ಸೌಟಿನಿಂದ ನಾನೇ ಎಲ್ಲರ ಲೋಟಕ್ಕೆ ಹೊಯ್ಯುತ್ತಿದ್ದೆ. ನಾಲ್ಕನೆಯ ದಿನ ಮಧ್ಯಾಹ್ನ ಸಾವಂತ್ರೆವ್ವ ಬರಿಗೈಯಲ್ಲಿ ಬಂದಳು.

"ಲೋಟ ಎಲ್ಲೈತ್ರಿ?"

"ಕೇರ್ಯಾಗ ಸಣ್ಣವ್ವ ಅನ್ನೋ ಮುದುಕಿಗೆ ಭಾಳ ವಾಂತಿ. ಸಕ್ಕರಿ-ಉಪ್ಪಿನ ನೀರು ಕುಡಸಾಕ ಅಲ್ಲೇ ಬಿಟ್ಟು ಬಂದೆ."

"ಹಂಗಾದ್ರ ಬೊಗಸಿ ಹಿಡೀರಿ" ಎಂದವನೇ, ಸೌಟು ಆಕೆಯ ಕೈಗೆ ತಾಗಬಾರದೆಂದು ಮೇಲೆತ್ತಿ ಹೊಯ್ದೆ.

ಆಕೆ ಬೊಗಸೆ ಒಡ್ಡಲಿಲ್ಲ. ನೀರು ನೆಲಕ್ಕೆ ಬಿತ್ತು. ನನ್ನ ಮುಖವನ್ನೊಮ್ಮೆ ನೋಡಿ, ತಿರುಗಿ ಕೇರಿಯ ಕಡೆ ಹೋಗಿಬಿಟ್ಟಳು.

ನನಗೆ ತಲೆಬುಡ ತಿಳಿಯಲಿಲ್ಲ. ಬಾಜುಕ್ಕೆ ನಿಂತಿದ್ದ ಸಹಪಾಠಿ ಮೌಲಾಬಿ ಹಣೆ ಚಚ್ಚಿಕೊಂಡಳು. "ಏನ್ ಮಾಡಿದಿ ಶಂಕ್ರಪ್ಪ! ಅವರ ಮಂದಿಗೆ ಊರಾಗ ನೀರು ಹ್ಯಾಂಗ ಕೊಡ್ತಾರ, ಗೊತ್ತಿಲ್ಲೇನು ನಿನಗ?"

ಗೊತ್ತಿತ್ತು. ದುಮ್ಮವಾಡದ ನಮ್ಮ ಮನೆಯ ಹಿತ್ತಲ ಬಾಗಿಲಲ್ಲಿ, ದಲಿತರ ಕೇರಿಯಿಂದ ಕೂಲಿಗೆ ಬಂದ ಲಕ್ಕಪ್ಪನ ಬೊಗಸೆಗೆ ನಮ್ಮವ್ವ ತಂಬಿಗೆ ಎತ್ತಿ ಹೊಯ್ಯುವುದನ್ನು ನೋಡುತ್ತಲೇ ಬೆಳೆದವನು ನಾನು. ನಾನೂ ಅಷ್ಟೇ ಎತ್ತರಕ್ಕೆ ಎತ್ತಿದ್ದೆ. ರೋಗಕ್ಕೆ ಹೆದರಿ ಎತ್ತಿದೆನೋ, ರೂಢಿಯಿಂದ ಎತ್ತಿದೆನೋ? ನನ್ನ ಕೈಯ ಮೇಲೆ ನನಗೇ ನಂಬಿಕೆ ಹೋಯಿತು.

ಕೇರಿಗೆ ಓಡಿದೆ. ಸಣ್ಣವ್ವಳಿಗೆ ಚಮಚೆಯಿಂದ ನೀರು ಕುಡಿಸುತ್ತಿದ್ದ ಸಾವಂತ್ರೆವ್ವ ನನ್ನನ್ನು ನೋಡಿ ಎದ್ದು ಹೊರಗೆ ಬಂದಳು.

"ತಪ್ಪಾತು. ಸೌಟು ತಾಗಬಾರದಂತ..."

"ಒಂದ ಮಾತು ಕೇಳ್ತೀನಿ, ಖರೇ ಹೇಳ್ರಿ. ನಾ ನಿಮ್ಮ ಮನಿಗೆ ಬಂದ್ರ ನಿಮ್ಮವ್ವ ನೀರು ಹ್ಯಾಂಗ ಕೊಡ್ತಾರ?"

ಸುಳ್ಳು ಹೇಳಬಹುದಿತ್ತು. ಹೇಳಿದ್ದರೆ ಆಕೆ ನಗುತ್ತಿದ್ದಳೇನೋ.

"ಹಿತ್ತಲ ಬಾಗಲಾಗ... ಎತ್ತಿ ಹೊಯ್ತಾಳ."

ಎಲ್ಲ ಮುಗಿಯಿತೆಂದುಕೊಂಡೆ. ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆದರೆ ಹೋಗಲಿಲ್ಲ.

"'ನಮ್ಮ ಮನ್ಯಾಗ ಹಂಗೇನಿಲ್ಲ' ಅಂತ ನೀವು ಅಂದಿದ್ರ, ಇವತ್ತ ಬಸ್ ಹತ್ತತಿದ್ದೆ" ಎಂದಳು.

ಹೋದ ಜೀವ ತಿರುಗಿ ಬಂತು. ಜೊತೆಗೆ ಧೈರ್ಯವೂ ಬಂತು, ಬೇಕಾದ್ದಕ್ಕಿಂತ ತುಸು ಹೆಚ್ಚೇ.

"ಐತವಾರ ಊರಿಗೆ ಹೋಗ್ತೀನಿ. ಲಗ್ನ ಆದ್ರ ಸಾವಂತ್ರೆವ್ವನ್ನ ಆಗಾಂವ, ಆಕಿ ಮುಂದಿನ ಬಾಗಲದಿಂದನ ಒಳಗ ಬರಾಕಿ ಅಂತ ಅವ್ವಗ ಹೇಳಿಬಿಡ್ತೀನಿ. ಮನಿ ಬಿಟ್ಟು ಹೋಗಂದ್ರ ಹೊಂಟ ಬರ್ತೀನಿ!"

ಸಾವಂತ್ರೆವ್ವ ಬೆಚ್ಚಿಬಿದ್ದಳು. ಏನು ಹೇಳಿಬಿಟ್ಟೆನೆಂದು ತಿಳಿದು ನಾನೂ ಬೆಚ್ಚಿದೆ.

ಕೊನೆಗೆ ಆಕೆಯೇ ತಲೆ ತಗ್ಗಿಸಿ ಮೆಲ್ಲಗೆ ಅಂದಳು:

"ನಿಮ್ಮವ್ವಗ ಐತವಾರ ಹೇಳೀರಂತ. ಮೊದಲ ನನ್ನ ಕೇಳ್ರಿ."