ಅವ್ವ ನಿದ್ದೆ ಹೋದ ದಿನ

"ಮಿಸ್, ಏನೋ ಸೀದ ವಾಸನೆ!"

ಹಿಂದಿನ ಬೆಂಚಿನಿಂದ ಶಶಿ ಕೂಗಿದ. ಅವನು ಕೂಗಿದ್ದೇ ತಡ, ಐದನೇ ಕ್ಲಾಸಿನ ಎಲ್ಲರ ಮೂಗೂ ಕಿಟಕಿಯ ಕಡೆ ತಿರುಗಿತು. ಬೋರ್ಡಿನ ಮೇಲೆ ಲೆಕ್ಕ ಬರೆಯುತ್ತಿದ್ದ ಮಾನಸ ಮಿಸ್ ಕೂಡ ಚಾಕ್‌ಪೀಸ್ ಹಿಡಿದುಕೊಂಡೇ ಒಮ್ಮೆ ಉಸಿರೆಳೆದು ನೋಡಿದರು.

"ಹೌದಲ್ಲ! ಅಡುಗೆ ಕೋಣೆಯಿಂದ ಬರ್ತಾ ಇದೆ."

"ಗೌತಮಿ ಅವ್ವ ಇವತ್ತು ಸಾಂಬಾರ್ ಬದ್ಲು ಇದ್ಲು ಮಾಡವ್ರೆ ಕಣ್ರುಲಾ," ಅಂದ ಶಶಿ. ಕ್ಲಾಸಿಗೆ ಕ್ಲಾಸೇ ನಕ್ಕಿತು.

ಗೌತಮಿ ನಗಲಿಲ್ಲ. ಅವಳ ಅವ್ವ ಪ್ರಮೀಳಾ ಅದೇ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಿದ್ದಳು. ಜೊತೆಗೆ ರಾಚಮ್ಮನವರೂ ಇರುತ್ತಿದ್ದರು. ಆದರೆ ಅವರು ನಂಟರ ಮನೆಗೆಂದು ಕೆ.ಆರ್. ನಗರಕ್ಕೆ ಹೋಗಿದ್ದರು. ಇವತ್ತು ಅವ್ವ ಒಬ್ಬಳೇ.

"ಗೌತಮಿ, ಓಡಿ ಹೋಗಿ ನೋಡ್ಕೊಂಡು ಬಾ," ಎಂದರು ಮಿಸ್.

ಅಡುಗೆ ಕೋಣೆ ಶಾಲೆಯ ಹಿಂದೆ, ನಲ್ಲಿಯ ಪಕ್ಕದಲ್ಲಿತ್ತು. ಬಾಗಿಲು ಅರ್ಧ ತೆರೆದಿತ್ತು. ಒಳಗೆ ಕಣ್ಣುರಿಯುವಷ್ಟು ಹೊಗೆ. "ಅವ್ವಾ" ಎಂದು ಕರೆಯಲು ಬಾಯಿ ತೆರೆದವಳು ಹಾಗೇ ನಿಂತುಬಿಟ್ಟಳು.

ಅವ್ವ ಅಕ್ಕಿ ಮೂಟೆಗೆ ಒರಗಿ ಕೂತಿದ್ದಳು. ಮಡಿಲಲ್ಲಿ ಅರ್ಧ ಹೆಚ್ಚಿದ ಹುರುಳಿಕಾಯಿ. ಕುತ್ತಿಗೆ ಒಂದು ಕಡೆಗೆ ವಾಲಿತ್ತು. ಬಾಯಿ ಸ್ವಲ್ಪ ತೆರೆದಿತ್ತು.

ಗೌತಮಿ ಹತ್ತಿರ ಹೋಗಿ ಬಗ್ಗಿ ನೋಡಿದಳು. ಅವ್ವ ಉಸಿರಾಡುತ್ತಿದ್ದಳು. ನಿದ್ದೆ! ಅಷ್ಟು ಹೊಗೆಯಲ್ಲೂ ಗಾಢ ನಿದ್ದೆ.

ಅವ್ವ ನಿದ್ದೆ ಮಾಡುವುದನ್ನು ಗೌತಮಿ ಯಾವತ್ತೂ ಸರಿಯಾಗಿ ನೋಡಿಯೇ ಇರಲಿಲ್ಲ. ಗೌತಮಿ ಮಲಗುವಾಗ ಅವ್ವ ಪಾತ್ರೆ ತಿಕ್ಕುತ್ತಿರುತ್ತಿದ್ದಳು. ಏಳುವಾಗ ಅಂಗಳ ಗುಡಿಸಿ, ನೀರು ತಂದು, ಒಲೆ ಹಚ್ಚಿ ಆಗಿರುತ್ತಿತ್ತು. ಯುಗಾದಿಯ ಹೊತ್ತಿಗೆ ಚಿಕ್ಕಸಿದ್ದಮ್ಮಜ್ಜಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡ ಮೇಲಂತೂ ರಾತ್ರಿಯೂ ಅವ್ವನಿಗೆ ಬಿಡುವಿರಲಿಲ್ಲ. ಅಜ್ಜಿ ನೋವಿನಿಂದ ಕೂಗಿದಾಗಲೆಲ್ಲ ಎದ್ದು ಮಗ್ಗುಲು ಬದಲಾಯಿಸಬೇಕು. ಅಪ್ಪ ಕೊಡಗಿನ ಕಾಫಿ ತೋಟಕ್ಕೆ ಕೆಲಸಕ್ಕೆ ಹೋದರೆ ಬರುವುದು ಶನಿವಾರ ಸಂಜೆಯೇ. ಈಗ ಹೊಗೆಸೊಪ್ಪಿನ ಕಾಲ ಬೇರೆ. ಶಾಲೆಯ ಕೆಲಸ ಮುಗಿಸಿದ ಅವ್ವ ನೇರವಾಗಿ ಸೊಪ್ಪನ್ನು ಒಣಗಿಸಲು ಕೋಲಿಗೆ ಕಟ್ಟುವ ಕೂಲಿಗೆ ಹೋಗುತ್ತಿದ್ದಳು.

ಗೌತಮಿ ಅವ್ವನ ಭುಜ ಮುಟ್ಟಲು ಕೈ ಚಾಚಿದಳು. ಆಮೇಲೆ ಹಿಂದಕ್ಕೆ ತೆಗೆದುಕೊಂಡಳು.

ಊಟದ ಬೆಲ್ಲಿಗೆ ಇನ್ನೂ ಒಂದು ಪಿರಿಯಡ್ ಇದೆಯಲ್ಲ? ಅಷ್ಟು ಹೊತ್ತು ಮಲಗಲಿ.

ಅವಳು ತುದಿಗಾಲಲ್ಲಿ ಹೋಗಿ ಸೀಯುತ್ತಿದ್ದ ಬೇಳೆಯ ಸ್ಟವ್ ಆಫ್ ಮಾಡಿದಳು. ಪಕ್ಕದ ಸ್ಟವ್ ಮೇಲೆ ಅನ್ನದ ದೊಡ್ಡ ಪಾತ್ರೆ ನೊರೆ ಉಕ್ಕಿಸಿಕೊಂಡು ಕುದಿಯುತ್ತಿತ್ತು. ಇದೂ ಸೀದುಹೋದರೆ? ಅದನ್ನೂ ಆಫ್ ಮಾಡಿದಳು. ಹೊಗೆ ಹೋಗಲೆಂದು ಕಿಟಕಿ ತೆರೆದಳು. ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡು ಕ್ಲಾಸಿಗೆ ಓಡಿದಳು.

"ಏನಂತೆ?" ಎಂದರು ಮಿಸ್.

"ಏನಿಲ್ಲ ಮಿಸ್. ಸ್ವಲ್ಪ ತಳ ಹತ್ತಿತ್ತಂತೆ. ಸರಿ ಹೋಯ್ತು."

ಆಮೇಲೆ ಮಿಸ್ ಹೇಳಿಕೊಟ್ಟ ಲೆಕ್ಕ ಒಂದೂ ಅವಳ ತಲೆಗೆ ಹೋಗಲಿಲ್ಲ. ಆದರೂ ಒಳಗೊಳಗೇ ಖುಷಿ. ಅವ್ವ ಈಗಲೂ ಮಲಗಿದ್ದಾಳೆ, ಅದು ಯಾರಿಗೂ ಗೊತ್ತಿಲ್ಲ, ನನಗೊಬ್ಬಳಿಗೇ ಗೊತ್ತು! ಬೆಟ್ಟದಪುರದ ಬೆಟ್ಟದ ಮೇಲಿಂದ ಬಂದ ಗಾಳಿ ಕಿಟಕಿಯಲ್ಲಿ ತಣ್ಣಗೆ ಬೀಸಿದಾಗ, ಅವ್ವನಿಗೂ ಇದೇ ಗಾಳಿ ತಾಗುತ್ತಿರಬಹುದು ಅಂದುಕೊಂಡಳು.

ಬೆಲ್ ಹೊಡೆಯಿತು.

ಮಕ್ಕಳೆಲ್ಲ ತಟ್ಟೆ ಹಿಡಿದು ಸಾಲು ನಿಂತರು. ಒಂದನೇ ಕ್ಲಾಸಿನವರು ಎಂದಿನಂತೆ ತಟ್ಟೆ ಬಡಿಯಲು ಶುರು ಮಾಡಿದರು. ಆ ಸದ್ದಿಗೆ ಅಡುಗೆ ಕೋಣೆಯೊಳಗೆ ಏನೋ ಉರುಳಿ ಬಿದ್ದ ಶಬ್ದವಾಯಿತು. ಬಾಗಿಲು ತೆರೆಯಿತು. ಕಣ್ಣು ಕೆಂಪಾಗಿ, ಕೂದಲು ಕೆದರಿ ಅವ್ವ ಹೊರಗೆ ಬಂದಳು. ಸಾಲು ನೋಡಿದಳು. ಹಾಗೇ ಒಳಗೆ ಓಡಿದಳು.

ಹೆಡ್ ಮೇಷ್ಟ್ರು ಶಿವಶಂಕರ ಸರ್ ಬಂದು ಪಾತ್ರೆಯ ಮುಚ್ಚಳ ತೆಗೆಸಿದರು. ಅನ್ನ ಅನ್ನವಾಗಿರಲಿಲ್ಲ. ಮೇಲೆ ಅಂಟು ಅಂಟು, ಒಳಗೆ ಹಸಿ ಅಕ್ಕಿ. ಬೇಳೆ ಕೆಳಗೆ ಕರಿ, ಮೇಲೆ ಬರೀ ನೀರು.

"ಏನಮ್ಮ ಪ್ರಮೀಳಾ ಇದು? ಮಕ್ಕಳಿಗೆ ಇದನ್ನ ಹಾಕೋದಾ?"

"ಸ್ಟವ್ ಉರೀತಿತ್ತು ಸಾರ್," ಅಂದಳು ಅವ್ವ. "ಒಂಚೂರು ಕಣ್ ಅತ್ಕಂತು. ಅದೆಂಗೆ ಆಫಾಯ್ತೋ..."

ಹೇಳುತ್ತ ಹೇಳುತ್ತ ಅವ್ವನ ಕಣ್ಣು ಸಾಲಿನಲ್ಲಿ ನಿಂತಿದ್ದ ಗೌತಮಿಯ ಮೇಲೆ ಬಿತ್ತು. ಗೌತಮಿ ತಲೆ ತಗ್ಗಿಸಿದಳು. ಅವ್ವ ಮತ್ತೆ ಸರ್ ಕಡೆ ತಿರುಗಿದಳು.

"ನಾನೇ ಆಫ್ ಮಾಡ್ಬುಟ್ಟಿವ್ನಿ ಸಾರ್," ಅಂದಳು. "ನಿದ್ದೆಗಣ್ಣಲ್ಲಿ. ತಪ್ಪಾಯ್ತು."

ಅಲ್ಲ, ನಾನು ಆಫ್ ಮಾಡಿದ್ದು. ಗೌತಮಿಯ ಬಾಯಲ್ಲಿ ಮಾತು ಸಿದ್ಧವಾಗಿತ್ತು. ನಾಲಿಗೆಯೇ ಏಳಲಿಲ್ಲ.

"ಊಟ ಇಲ್ವಾ ಮಿಸ್?" ಎಂದು ಒಂದನೇ ಕ್ಲಾಸಿನ ಒಂದು ಹುಡುಗಿ ಅಳಲು ಶುರು ಮಾಡಿತು. ಅದನ್ನು ನೋಡಿ ಇನ್ನೊಂದು. ಮಾನಸ ಮಿಸ್ ಅಂಗಡಿಯಿಂದ ಬಿಸ್ಕತ್ತು, ಬಾಳೆಹಣ್ಣು ತರಿಸಿ ಹಂಚಿದರು. ಶಶಿ ತನ್ನ ಪಾಲಿನ ಬಿಸ್ಕತ್ತು ಬಾಯಿಗೆ ಹಾಕಿಕೊಂಡು, "ನಿಮ್ಮವ್ವ ಸ್ಕೂಲ್‌ಗೆ ಮಲಗಕ್ಕೆ ಬತ್ತಾರಾ?" ಎಂದ. ಗೌತಮಿ ತನ್ನ ಬಾಳೆಹಣ್ಣನ್ನು ಅಳುತ್ತಿದ್ದ ಹುಡುಗಿಯ ಕೈಗೆ ಕೊಟ್ಟು ದೂರ ಹೋಗಿ ನಿಂತಳು.

ಆ ಸಂಜೆ ಅವ್ವ ಸೊಪ್ಪು ಕಟ್ಟಲು ಹೋಗಲಿಲ್ಲ; ತಾಯಿ ಮಗಳು ಮನೆಯ ದಾರಿ ಹಿಡಿದರು. ಎರಡೂ ಬದಿಯಲ್ಲಿ ಹೊಗೆಸೊಪ್ಪಿನ ಹೊಲ. ಅವ್ವ ಮುಂದೆ ಮುಂದೆ ನಡೆದಳು. ಬೈದಿದ್ದರೂ ಚೆನ್ನಾಗಿತ್ತು ಅನ್ನಿಸಿತು ಗೌತಮಿಗೆ.

"ಯಾಕ್ ಮಗ ಎಬ್ಬುಸ್ನಿಲ್ಲ?" ಅಂದಳು ಅವ್ವ ಕೊನೆಗೆ.

"ನೀನು ಮಲಗಿದ್ದೆ."

"ಅದುಕ್ಕೇ ಕಣವ್ವ ಎಬ್ಬುಸ್ಬೇಕಾಗಿದ್ದು."

ಗೌತಮಿಗೆ ಅಳು ಬಂತು. "ನೀನು ಯಾವತ್ತೂ ಮಲಗಲ್ಲ. ಅದುಕ್ಕೆ... ಒಂದ್ ಪಿರಿಯಡ್ ಮಲಗ್ಲಿ ಅಂತ..."

ಅವ್ವ ನಿಂತಳು. ಸೆರಗಿನಿಂದ ಮಗಳ ಮುಖ ಒರೆಸಿದಳು. "ಒಂದ್ ಪಿರಿಯಡ್ ಮಲಗಿದ್ನಾ? ಓಹೋ, ಅದುಕ್ಕೇಯ ತಲೆನೋವು ಕಮ್ಮಿ ಆಗಿರೋದು," ಎಂದು ನಗಲು ನೋಡಿದಳು. ನಗು ಅರ್ಧಕ್ಕೇ ನಿಂತಿತು. "ನಾಳಿಂದ ಬರೋದು ಬ್ಯಾಡ ಅಂದವ್ರೆ ಕಣವ್ವ. ಮುಂದುಕ್ಕೆ ಏನು ಅಂತ ಮೀಟಿಂಗ್ ಮಾಡಿ ಯೋಳ್ತಾರಂತೆ."

ಮಾರನೆಯ ದಿನ ಗೌತಮಿ ಪ್ರಾರ್ಥನೆಗೂ ಮುಂಚೆ ಹೋಗಿ ಮಾನಸ ಮಿಸ್ ಹತ್ತಿರ ಎಲ್ಲವನ್ನೂ ಹೇಳಿದಳು. ಮಿಸ್ ಅವಳ ಕೈ ಹಿಡಿದುಕೊಂಡೇ ಹೆಡ್ ಮೇಷ್ಟ್ರ ರೂಮಿಗೆ ಕರೆದುಕೊಂಡು ಹೋದರು. ಶಿವಶಂಕರ ಸರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಪೂರ್ತಿ ಕೇಳಿಸಿಕೊಂಡರು.

"ನೀನು ಬಂದು ಹೇಳಿದ್ದು ಒಳ್ಳೆದಾಯ್ತು ಮಗು," ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. "ಆದರೆ ಅನ್ನ ಕೆಟ್ಟಿದ್ದಕ್ಕಲ್ಲ ನಾನು ಬೇಡ ಅಂದಿದ್ದು. ಗ್ಯಾಸ್ ಉರೀತಾ ಇರುವಾಗ ನಿದ್ದೆ ಹೋದ್ರಲ್ಲ, ಬೆಂಕಿ ಹತ್ತಿಕೊಂಡಿದ್ದರೆ? ಮೊದಲು ನಿಮ್ಮಮ್ಮನಿಗೇ ಏನಾಗ್ತಿತ್ತು?"

ಅವರು ಹೇಳಿದ್ದು ಸುಳ್ಳಾಗಿರಲಿಲ್ಲ. ಅದಕ್ಕೇ ಗೌತಮಿಗೆ ಹೆಚ್ಚು ಸಂಕಟವಾದದ್ದು.

ಶಾಲಾ ಸಮಿತಿಯ ಮೀಟಿಂಗ್ ನಡೆಯಿತು. ಅವ್ವನ ಜಾಗಕ್ಕೆ ಮರಮ್ಮ ಅನ್ನುವವರು ಬಂದರು. ಅವರ ಸಾಂಬಾರೂ ಚೆನ್ನಾಗಿಯೇ ಇತ್ತು. ಶಶಿ ಎರಡೆರಡು ಸಲ ಹಾಕಿಸಿಕೊಂಡ. ಸೀದ ಬೇಳೆಯ ವಿಷಯ ಎಲ್ಲರಿಗೂ ಮರೆತೇ ಹೋಯಿತು. ಗೌತಮಿ ಮಾತ್ರ ತಟ್ಟೆಯಲ್ಲಿ ಅರ್ಧ ಅನ್ನ ಬಿಟ್ಟು ಏಳುತ್ತಿದ್ದಳು.

ಶಾಲೆಯ ಕೆಲಸ ಹೋಯಿತಲ್ಲ, ಇನ್ನು ಅವ್ವ ಹಗಲಾದರೂ ಮಲಗಬಹುದು ಎಂದು ಅವಳು ಅಂದುಕೊಂಡಿದ್ದಳು. ಹಾಗಾಗಲಿಲ್ಲ. ಅವ್ವ ಈಗ ಬೆಳಿಗ್ಗೆಯೂ ಹೊಲದಲ್ಲಿ ಸೊಪ್ಪು ಮುರಿಯಲು ಹೋದಳು, ಮಧ್ಯಾಹ್ನವೂ ಸೊಪ್ಪು ಕಟ್ಟಲು ಹೋದಳು. ನಡುವೆ ಅಜ್ಜಿಗೆ ಊಟ ಮಾಡಿಸಲು ಒಂದು ಗಳಿಗೆ ಮನೆಗೆ ಬರುತ್ತಿದ್ದಳು. ಹೊಗೆಸೊಪ್ಪಿನ ಅಂಟು ಕೈಗೆ ಮೆತ್ತಿ, ಎಷ್ಟು ತೊಳೆದರೂ ಬೆರಳುಗಳು ಕಪ್ಪಾಗಿಯೇ ಇರುತ್ತಿದ್ದವು.

ಶನಿವಾರ. ಬೆಳಗಿನ ಕ್ಲಾಸ್ ಮುಗಿಸಿ ಗೌತಮಿ ಮನೆಗೆ ಬಂದಾಗ ಅವ್ವ ಅಜ್ಜಿಯ ಹಾಸಿಗೆಯ ಪಕ್ಕ ಕೂತಿದ್ದಳು. ಕೈಯಲ್ಲಿ ಮುದ್ದೆಯ ತುತ್ತು. ಅಜ್ಜಿ ಬಾಯಿ ತೆರೆದು ಕಾಯುತ್ತಿದ್ದರು. ತುತ್ತು ಹಿಡಿದ ಕೈ ಮಾತ್ರ ಅರ್ಧ ದಾರಿಯಲ್ಲಿ ನಿಂತಿತ್ತು. ಅವ್ವನ ಕಣ್ಣು ಮುಚ್ಚಿಕೊಂಡಿತ್ತು.

ಗೌತಮಿ ಬ್ಯಾಗ್ ಇಳಿಸಿ ತಟ್ಟೆಯನ್ನು ಮೆಲ್ಲಗೆ ತೆಗೆದುಕೊಂಡಳು. ಅವ್ವ ಬೆಚ್ಚಿ ಕಣ್ಣು ಬಿಟ್ಟಳು.

"ನಾನು ತಿನ್ನುಸ್ತೀನಿ. ನೀನು ಒಸಿ ಒರಗ್ಕೋ ಅವ್ವ."

"ಸೊಪ್ಪಿನ ಕೆಲ್ಸುದ್ ಗಾಡಿ ಬತ್ತದೆ ಕಣೇ."

"ಬಂದ್ರೆ ಎಬ್ಬುಸ್ತೀನಿ."

ಅವ್ವ ಅವಳ ಮುಖವನ್ನೇ ನೋಡಿದಳು. "ಎಬ್ಬುಸ್ತೀಯಾ ತಾನೆ?"

"ಊಂ."

ಅವ್ವ ಅಲ್ಲೇ, ಬರೀ ನೆಲದ ಮೇಲೆ, ಸೆರಗನ್ನು ತಲೆಯಡಿ ಮಡಚಿಟ್ಟುಕೊಂಡು ಉರುಳಿದಳು. ಅಷ್ಟೇ. ಮರುಗಳಿಗೆಯಲ್ಲಿ ನಿದ್ದೆ.

ಗೌತಮಿ ಮುದ್ದೆಯನ್ನು ಸಣ್ಣ ಸಣ್ಣ ತುತ್ತು ಮಾಡಿ, ಸಾರಿನಲ್ಲಿ ಅದ್ದಿ ಅಜ್ಜಿಯ ಬಾಯಿಗಿಟ್ಟಳು. ನೀರು ಕುಡಿಸಿದಳು. ಆಮೇಲೆ ಅಜ್ಜಿ ಮುಖ ಕಿವುಚಿದರು. ಮಗ್ಗುಲು ಬದಲಾಯಿಸಬೇಕು. ಗೌತಮಿ ಅಜ್ಜಿಯ ಬೆನ್ನಿನಡಿ ಎರಡೂ ಕೈ ತೂರಿಸಿ ಎತ್ತಿದಳು. ಅಲುಗಲಿಲ್ಲ. ಮಂಡಿಯೂರಿ, ಉಸಿರು ಬಿಗಿಹಿಡಿದು ಇನ್ನೊಂದು ಸಲ ತಳ್ಳಿದಳು. ಇದನ್ನೇ ಅವ್ವ ಒಂದೊಂದು ರಾತ್ರಿ ಎಷ್ಟು ಸಲ ಮಾಡುತ್ತಾಳೋ! ಯಾವಾಗಲೂ ಇಡೀ ಬೀದಿಗೆ ಕೇಳುವಂತೆ ಕೂಗುತ್ತಿದ್ದ ಅಜ್ಜಿ ಇವತ್ತು ಸೀರೆಯ ಸೆರಗನ್ನು ಬಾಯಿಗೆ ತುರುಕಿಕೊಂಡು ಕಚ್ಚಿದರು. ಕಣ್ಣಿನಿಂದ ನೀರು ಇಳಿಯಿತು. ಒಂದೇ ಒಂದು ಸದ್ದು ಮಾಡಲಿಲ್ಲ. ಕೊನೆಗೆ ಹೇಗೋ ಮಗ್ಗುಲಾಯಿತು.

ಇಬ್ಬರೂ ಏದುಸಿರು ಬಿಡುತ್ತ ನೆಲದ ಮೇಲಿದ್ದ ಅವ್ವನ ಕಡೆ ನೋಡಿದರು. ಅವಳಿಗೆ ಎಚ್ಚರವಾಗಿರಲಿಲ್ಲ.

ಬೀದಿಯ ಕೊನೆಯಲ್ಲಿ ಹಾರ್ನ್ ಕೇಳಿಸಿತು.

"ಎಬ್ಸು ಮಗ," ಅಜ್ಜಿ ಪಿಸುಗುಟ್ಟಿದರು.

"ಬ್ಯಾಡ ಅಜ್ಜಿ."

"ಗಾಡಿ ಒಂಟೋದ್ರೆ ಇವ್ಳ ಬದ್ಲು ಬ್ಯಾರೆಯೋರ್ನ ಕರ್ಕತಾರೆ. ಆಮೇಕೆ ಮಲಗುದ್ರೂ ಇವ್ಳ್ಗೆ ನಿದ್ದೆ ಬತ್ತದಾ?"

ಗೌತಮಿ ಎದ್ದಳು. ಬರಿಗಾಲಲ್ಲೇ ಬೀದಿಗೆ ಓಡಿ, ಗೂಡ್ಸ್ ಗಾಡಿಯ ಮುಂದೆ ಎರಡೂ ಕೈ ಚಾಚಿ ನಿಂತಳು.

"ಕಿರಣಣ್ಣ, ಹಾರ್ನ್ ಹೊಡೀಬ್ಯಾಡಿ. ಅವ್ವ ಬತ್ತಾವ್ಳೆ."

ಡ್ರೈವರ್ ಕಿರಣ್‌ಕುಮಾರ್ ತಲೆ ಹೊರಗೆ ಹಾಕಿದ. "ಬ್ಯಾಗ ಬರಕ್ಕೆ ಯೋಳವ್ವ. ಡೈರಿ ಬೀದಿಯೋರ್ನ ಅತ್ತುಸ್ಕಂಡು ವಾಪಸ್ ಬತ್ತೀನಿ. ಅಷ್ಟ್ರಲ್ಲಿ ಇಲ್ಲಿ ನಿಂತಿರ್ಬೇಕು."

ಗಾಡಿ ಡೈರಿ ಬೀದಿಗೆ ತಿರುಗಿತು. ಗೌತಮಿ ಒಳಗೆ ಬಂದಳು. ಅವ್ವ ಸೀರೆಯ ಮೇಲೆ ಹಾಕಿಕೊಳ್ಳುವ ಅಪ್ಪನ ಹಳೇ ಶರ್ಟನ್ನು ಗೂಟದಿಂದ ತೆಗೆದು ಕೊಡವಿದಳು. ಬಾಟಲಿಗೆ ನೀರು ತುಂಬಿದಳು. ಅವ್ವ ಇನ್ನೂ ಉಂಡಿರಲಿಲ್ಲ. ಉಳಿದ ಮುದ್ದೆಯನ್ನು ಡಬ್ಬಿಗೆ ಹಾಕಿ ಚೀಲದಲ್ಲಿಟ್ಟಳು. ಚಪ್ಪಲಿಯನ್ನು ಹೊಸ್ತಿಲ ಹತ್ತಿರ ಜೋಡಿಸಿದಳು. ಎದ್ದ ಮೇಲೆ ಅವ್ವ ಮಾಡಬೇಕಾದದ್ದು ಇನ್ನೇನಿದೆ ಎಂದು ಸುತ್ತ ನೋಡಿದಳು. ಏನೂ ಉಳಿದಿರಲಿಲ್ಲ.

ಆಮೇಲೆ ಅವ್ವನ ಪಕ್ಕ ಬಂದು ಕೂತಳು.

ಡೈರಿ ಬೀದಿಯಲ್ಲಿ ಗಾಡಿ ನಿಂತ ಸದ್ದಾಯಿತು. ಹೆಂಗಸರು ಹತ್ತುತ್ತ ಮಾತಾಡುವುದು ಕೇಳಿಸಿತು. ಗೌತಮಿ ಕೈಯನ್ನು ಅವ್ವನ ಭುಜದ ಹತ್ತಿರಕ್ಕೆ ತಂದಳು. ಮುಟ್ಟಲಿಲ್ಲ. ಹಾಗೇ ಹಿಡಿದುಕೊಂಡು, ಕಿವಿಯನ್ನು ಹೊರಗಿಟ್ಟು ಕೂತಳು. ಗಾಡಿ ಮತ್ತೆ ಹೊರಟಿತು. ಸದ್ದು ಹತ್ತಿರವಾಯಿತು.

ಗಾಡಿ ತಿರುವು ದಾಟಿ ಮನೆಯ ಮುಂದೆ ಬಂದು ನಿಂತ ಮೇಲೆ ಮುಟ್ಟಿದಳು.

"ಅವ್ವಾ," ಎಂದಳು ಮೆಲ್ಲಗೆ.