ಬೆಟ್ಟದ ಮೇಲಿಲ್ಲದ ಹಿಮ

“ಬೆಟ್ಟದ ದಾರಿ ಹಿಮ ಬಿದ್ದು ಮುಚ್ಚಿಹೋಗಿದೆ. ಕರಾವಳಿಯಲ್ಲಿ ಬಿರುಗಾಳಿ. ಒಂದು ವಾರ ಹೊರಡಬೇಡಿ.”

ಇಷ್ಟು ಹೇಳಿ ಅವಳು ಕಂಪ್ಯೂಟರ್ ಪರದೆಯನ್ನು ಮೆಲ್ಲಗೆ ತನ್ನ ಕಡೆಗೆ ತಿರುಗಿಸಿಕೊಂಡಳು. ದೇಶದ ಈ ತುದಿಯಿಂದ ಆ ತುದಿಯವರೆಗೆ ಹುಡುಕಿದರೂ ಪರದೆಯ ಮೇಲೆ ಒಂದು ಮೋಡವೂ ಇರಲಿಲ್ಲ.

ಹವಾಮಾನ ಕಚೇರಿ ಸೇರಿದ ಮೇಲೆ ಅವಳು ಹೇಳಿದ ಮೊದಲ ಸುಳ್ಳು ಅದು. ಸಾಹೇಬರ ಮಗಳ ಮದುವೆಯ ದಿನ ಮಳೆ ಗ್ಯಾರಂಟಿ ಎಂದು ಅವರ ಮುಖಕ್ಕೇ ಹೇಳಿದ್ದ ಹೆಣ್ಣು! ಈಗ ಎದುರಿಗೆ ಕೂತವನನ್ನು ನೋಡಿ ನಾಲಿಗೆ ತಾನಾಗಿ ಹೊರಳಿತ್ತು.

ಹಳೆಯ ಪಿಯಾನೋ ರಿಪೇರಿ ಮಾಡುವ ಅವನನ್ನು ಊರೆಲ್ಲ ಪಿಯಾನೋ ಡಾಕ್ಟರ್ ಅನ್ನುತ್ತಿತ್ತು. ದೇಶದ ಆ ತುದಿಯಲ್ಲಿ ಅವನ ಅಕ್ಕ ಅವನಿಗೊಂದು ಅಂಗಡಿ ಹಿಡಿದಿಟ್ಟಿದ್ದಳು. ಬರುವ ಸೋಮವಾರದೊಳಗೆ ಬಂದು ಬಾಗಿಲು ತೆಗೆಯದಿದ್ದರೆ ಅದು ಬೇರೆಯವರ ಪಾಲು. ವ್ಯಾನಿನಲ್ಲಿ ಹೋಗಬೇಕಾದದ್ದು ಒಂದು ಪಿಯಾನೋ. ಥಂಡಿ ತಾಗಿದರೆ ಅದರ ಮರ ಸೀಳಿಹೋಗುತ್ತದೆ ಎಂದು ಅವನ ಗೋಳು. ಹಾಗಾಗಿ ಚಳಿ ಶುರುವಾದಾಗಿನಿಂದ ದಿನಾ ಟೀ ಹೊತ್ತಿಗೆ ಸರಿಯಾಗಿ ನಕ್ಷೆ ಹಿಡಿದು ಅವಳ ಕಚೇರಿಗೆ ಹಾಜರು. ಇಬ್ಬರೂ ತಲೆಗೆ ತಲೆ ತಾಗಿಸಿಕೊಂಡು ದಾರಿ ಎಳೆಯುವುದು, ಮರುದಿನ ಅಳಿಸುವುದು. ಅವಳು ಪೆನ್ಸಿಲ್ ಕೇಳಿದರೆ ಅವನು ಕೈಗಿಟ್ಟೂ ಬಿಡಲು ತಡಮಾಡುತ್ತಿದ್ದ. ಅವಳೇನು ಕಡಿಮೆ? ಬೇಕೆಂದೇ ಪೆನ್ಸಿಲ್ ಮನೆಯಲ್ಲಿ ಬಿಟ್ಟು ಬರುತ್ತಿದ್ದಳು.

“ನೀವು ಹೇಳಿದ್ಮೇಲೆ ಮುಗೀತು,” ಎಂದ ಅವನು, ಮರುಪ್ರಶ್ನೆ ಕೇಳದೆ ಅಕ್ಕನಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದ. “ಅಕ್ಕಾ, ದಾರಿ ಮುಚ್ಚಿದೆಯಂತೆ. ಅಂಗಡಿ ಬೇರೆಯವರಿಗೆ ಕೊಟ್ಬಿಡು.”

ಅವಳು ಕುರ್ಚಿಯಿಂದ ಎದ್ದೇಬಿಟ್ಟಳು. ತಾನು ಆಸೆಪಟ್ಟದ್ದು ಇನ್ನೊಂದೇ ವಾರ; ಅಕ್ಕ ಅಷ್ಟು ದಿನ ಅಂಗಡಿ ಹಿಡಿದಿಟ್ಟಾಳು ಎಂದುಕೊಂಡಿದ್ದಳು. ಇವನು ತನ್ನ ಮಾತು ನಂಬಿ ಬದುಕನ್ನೇ ಬಿಟ್ಟುಕೊಡುತ್ತಿದ್ದಾನೆ. ಫೋನ್ ಕಸಿದುಕೊಂಡಳು.

“ಅಕ್ಕಾ, ಕೊಡಬೇಡಿ! ಹಿಮಾನೂ ಇಲ್ಲ, ಗಾಳೀನೂ ಇಲ್ಲ. ನಾನು ಸುಳ್ಳು ಹೇಳ್ದೆ.”

“ಯಾರಮ್ಮ ನೀನು?”

“ಹವಾಮಾನ ಕಚೇರಿಯವಳು.”

“ಓಹೋ, ನೀನಾ! ದಿನಾ ನಿನ್ನ ಜಪ ಕೇಳಿ ಕೇಳಿ ನನ್ನ ಕಿವಿ ತೂತಾಗಿದೆ. ಸುಳ್ಳು ಯಾಕಮ್ಮ ಹೇಳ್ದೆ?”

ಅವನ ಕಿವಿಗಳು ಕೆಂಪಾಗಿದ್ದವು. ಅವಳು ನೆಲ ನೋಡುತ್ತಾ ಹೇಳಿದಳು: “ಇವರು ಹೋಗೋದು ನನಗಿಷ್ಟ ಇಲ್ಲ.”

“ಅದನ್ನ ಅವನಿಗೆ ಹೇಳು, ನನಗ್ಯಾಕೆ?” ಅಕ್ಕ ನಗುತ್ತಲೇ ಫೋನಿಟ್ಟಳು.

ಅವಳು ಫೋನನ್ನು ಮೇಜಿನ ಮೇಲಿಟ್ಟು ಅವನ ಕಡೆಗೆ ತಳ್ಳಿದಳು.

“ನಂದೂ ಒಂದು ಸುಳ್ಳಿದೆ,” ಎಂದ ಅವನು. “ಎರಡು ಕಂಬಳಿ ಸುತ್ತಿದ್ರೆ ಪಿಯಾನೋಗೆ ಏನೂ ಆಗಲ್ಲ. ಮೊದಲನೇ ದಿನಾನೇ ಹೊರಡಬಹುದಿತ್ತು.”

ಅವಳು ಬಾಯಿ ಬಿಟ್ಟುಕೊಂಡು ನೋಡಿದಳು. ಆಮೇಲೆ ಇಬ್ಬರಿಗೂ ನಗು ತಡೆಯಲಾಗಲಿಲ್ಲ.

“ರಜೆ ಸಿಗತ್ತಾ ನಿಮಗೆ?”

“ಮಗಳ ಮದುವೆ ಆದಾಗಿನಿಂದ ಸಾಹೇಬ್ರು ನನ್ನ ಮುಖ ನೋಡಲ್ಲ. ಸಂತೋಷವಾಗಿ ಕೊಡ್ತಾರೆ.”

ಅವನು ನಕ್ಷೆ ಹರಡಿದ. “ಬೆಟ್ಟದ ದಾರೀಲಿ ಶುಕ್ರವಾರಕ್ಕೇ ತಲುಪ್ತೀವಿ. ಕರಾವಳಿ ಸುತ್ಕೊಂಡು ಹೋದ್ರೆ ಭಾನುವಾರ.”

ಅವಳು ಕರಾವಳಿಯ ಮೇಲೆ ಬೆರಳಿಟ್ಟಳು.

“ಬೆಟ್ಟದ ಮೇಲೆ ಹಿಮ ಇಲ್ಲ ಅಂದ್ರಲ್ಲ?”

“ಇಲ್ಲ. ಆದ್ರೆ ಆ ದಾರಿ ಬೇಗ ಮುಗಿದ್ಹೋಗತ್ತೆ.”