ಅಮ್ಮನ ಸೂಜಿ

“ಈ ವಾರಾನೂ ಬರಲ್ವಾ?”

ಮಿಡತೆ ಫೋನನ್ನು ಕಿವಿಗೆ ಒತ್ತಿ ಹಿಡಿದಿದ್ದಳು. ಆ ಕಡೆ ಅಮ್ಮನ ದನಿಯ ಹಿಂದೆ ಯಾವುದೋ ಪಂಪು ಗುರ್ ಎನ್ನುತ್ತಿತ್ತು.

“ಮಷೀನು ಈಗಷ್ಟೇ ನನ್ನ ಪಾಲಿಗೆ ಬಂದಿದೆ ಮರಿ. ಸೋಮವಾರ ಬೇರೆಯವರಿಗೆ ಬಿಟ್ಟುಕೊಡಬೇಕು. ಈಗ ಬಿಟ್ರೆ ಮತ್ತೆ ಯಾವಾಗ ಸಿಗುತ್ತೋ.”

“ಹೋದ ಸಲಾನೂ ಹೀಗೇ ಅಂದಿದ್ದೆ.”

“ಹೋದ ಸಲ ಪಂಪು ಕೆಟ್ಟಿತ್ತು ಕಣೇ.”

“ಮುಂದಿನ ಸಲ ಇನ್ನೇನು ಕೆಡುತ್ತೋ,” ಎಂದವಳೇ ಫೋನನ್ನು ಅಪ್ಪನ ಕೈಗೆ ತುರುಕಿ ಒಳಗೆ ಹೋದಳು.

ಮಿಡತೆ ಎಂದು ಹೆಸರಿಟ್ಟಿದ್ದು ಅಪ್ಪ. ಕೂತಲ್ಲಿ ಕೂರುವವಳಲ್ಲ, ನಿಂತಲ್ಲಿ ನಿಲ್ಲುವವಳಲ್ಲ. ಸ್ಕೂಲಿನಲ್ಲಿ ಬೇರೆ ಹೆಸರಿದೆ. ಆದರೆ ಮನೆಯಲ್ಲಿ ಯಾರಾದರೂ ಆ ಹೆಸರು ಹಿಡಿದು ಕರೆದರೆ ಅವಳು ತಿರುಗಿಯೂ ನೋಡುವುದಿಲ್ಲ.

ಅವಳ ಅಮ್ಮ ಹೈಸ್ಕೂಲಿನಲ್ಲಿ ಸೈನ್ಸ್ ಟೀಚರ್ ಆಗಿದ್ದಳು. ಹೋದ ವರ್ಷ ಆ ಕೆಲಸ ಬಿಟ್ಟು, ಬೇರೆ ಊರಿನ ಯೂನಿವರ್ಸಿಟಿಯಲ್ಲಿ ಫಿಸಿಕ್ಸ್ ಪಿಎಚ್‌ಡಿಗೆ ಸೇರಿದಳು. ಈಗ ಹಾಸ್ಟೆಲಿನಲ್ಲಿ ಇರುತ್ತಾಳೆ. ರಜೆ ಸಿಕ್ಕಾಗ ಮನೆಗೆ ಬರುತ್ತಾಳೆ. ಬಂದ ದಿನ ಮನೆ ತುಂಬಿದ ಹಾಗಿರುತ್ತದೆ. ಹೋದ ದಿನ ಮಿಡತೆ ಅಮ್ಮನ ದಿಂಬಿನ ಮೇಲೆ ಮಲಗುತ್ತಾಳೆ.

ಸ್ಕೂಲಿನಲ್ಲಿ ಗೆಳತಿಯರು ಕೇಳುತ್ತಾರೆ, “ನಿಮ್ಮಮ್ಮ ಫೇಲ್ ಆಗಿದ್ರಾ? ಇನ್ನೂ ಯಾಕೆ ಓದ್ತಿದ್ದಾರೆ?” ನಿಜ ಹೇಳಬೇಕೆಂದರೆ, ಮಿಡತೆಗೂ ಅದೇ ಪ್ರಶ್ನೆ.

ಆ ಸಂಜೆ ಅವಳು ಊಟದ ತಟ್ಟೆಯ ಮುಂದೆ ಮುಖ ಊದಿಸಿಕೊಂಡು ಕೂತಳು. ಅಪ್ಪ ಟೈಲರ್. ಮನೆಯ ಮುಂದಿನ ಕೋಣೆಯೇ ಅವನ ಅಂಗಡಿ. ಅವನು ಕೊರಳಿಗೆ ನೇತುಹಾಕಿಕೊಂಡಿದ್ದ ಟೇಪನ್ನು ತೆಗೆದು ಮಡಿಸುತ್ತಾ ಹೇಳಿದ, “ಅವಳು ಬರಕ್ಕಾಗದಿದ್ರೆ ನಾವೇ ಹೋಗೋಣ. ಭಾನುವಾರ ಅಂಗಡಿ ಹೇಗೂ ರಜೆ.”

ಮಿಡತೆಯ ಮುಖ ಅರಳಿತು. ಕೂಡಲೇ ಮತ್ತೆ ಊದಿಸಿಕೊಂಡಳು. ಅಷ್ಟು ಬೇಗ ಸಿಟ್ಟು ಬಿಡುವುದು ಅವಳಿಗೆ ಇಷ್ಟವಿರಲಿಲ್ಲ.

ಭಾನುವಾರ ಬಸ್ಸಿಳಿದು ಯೂನಿವರ್ಸಿಟಿ ಗೇಟು ದಾಟಿದಾಗ ಮಧ್ಯಾಹ್ನವಾಗಿತ್ತು. ಅಮ್ಮ ಕಟ್ಟಡದ ಮೆಟ್ಟಿಲ ಬಳಿ ಕಾಯುತ್ತಿದ್ದಳು. ಕೂದಲು ಕೆದರಿತ್ತು. ಸ್ವೆಟರನ್ನು ಉಲ್ಟಾ ಹಾಕಿಕೊಂಡಿದ್ದಳು. ಮಗಳನ್ನು ಗಟ್ಟಿಯಾಗಿ ತಬ್ಬಿಕೊಂಡಳು. ಆಮೇಲೆ ಬೆರಳು ತುಟಿಯ ಮೇಲಿಟ್ಟಳು.

“ಲ್ಯಾಬಲ್ಲಿ ಜೋರಾಗಿ ನಡೀಬಾರದು. ಬಾಗಿಲು ಮೆಲ್ಲಗೆ ಹಾಕ್ಬೇಕು. ಆಯ್ತಾ?”

ಲ್ಯಾಬ್ ನೆಲಮಾಳಿಗೆಯಲ್ಲಿತ್ತು. ನಡುವೆ ಸ್ಟೀಲಿನದೊಂದು ದೊಡ್ಡ ಹಂಡೆಯಂಥದ್ದು, ಮೈತುಂಬ ಪೈಪು. ಏನೂ ಅದುರಬಾರದೆಂದು ಪಂಪುಗಳನ್ನೆಲ್ಲ ಆಫ್ ಮಾಡಿದ್ದರು. ಗುಂಗುರು ಕೂದಲಿನ ಹುಡುಗನೊಬ್ಬ ಕಂಪ್ಯೂಟರ್ ಮುಂದೆ ಕೂತಿದ್ದ.

“ಇವರು ನನ್ನ ಸೀನಿಯರ್,” ಅಂದಳು ಅಮ್ಮ.

“ಇಷ್ಟು ಚಿಕ್ಕವರಾ?” ಎಂದಳು ಮಿಡತೆ.

“ಇಲ್ಲಿ ಎಲ್ಲರಿಗಿಂತ ಜೂನಿಯರ್ರು ನಿಮ್ಮಮ್ಮನೇ,” ಎಂದು ಆ ಅಣ್ಣ ಪಿಸುಗುಟ್ಟಿ ನಕ್ಕ.

ಅಮ್ಮ ಹಂಡೆಯತ್ತ ಕೈ ತೋರಿಸಿದಳು. “ಇದರೊಳಗೆ ಒಂದು ಸೂಜಿ ಇದೆ. ತುಂಬಾ ತುಂಬಾ ಚೂಪು. ಒಂದು ಲೋಹದ ಚೂರಿನ ಮೇಲೆ, ಮುಟ್ಟಿಯೂ ಮುಟ್ಟದ ಹಾಗೆ ಓಡಾಡುತ್ತೆ. ಎಲ್ಲಿ ಉಬ್ಬಿದೆ, ಎಲ್ಲಿ ತಗ್ಗಿದೆ ಅಂತ ಹೇಳುತ್ತೆ.”

“ನಮ್ಮನೇಲಿ ಇಬ್ಬರದ್ದೂ ಸೂಜಿ ಕೆಲಸವೇ ಆಯ್ತು,” ಎಂದ ಅಪ್ಪ.

ಪರದೆಯ ಮೇಲೆ ಒಂದು ಚಿತ್ರ ಮೇಲಿನಿಂದ ಕೆಳಕ್ಕೆ, ಗೆರೆಗೆರೆಯಾಗಿ ಮೂಡುತ್ತಿತ್ತು. ಸಣ್ಣ ಸಣ್ಣ ಉಬ್ಬುಗಳು ಸಾಲಾಗಿ ಕೂತಿದ್ದವು. ಒಂದೊಂದು ಉಬ್ಬೂ ಒಂದೊಂದು ಪರಮಾಣು, ಅಂದಳು ಅಮ್ಮ. ಬೆಳಗಿನಿಂದ ಅರ್ಧ ಚಿತ್ರ ಬಂದಿತ್ತು.

“ಇಲ್ನೋಡು,” ಅಮ್ಮನ ಕಣ್ಣು ಹೊಳೆಯಿತು. “ಈ ಜಾಗದಲ್ಲಿ ಒಂದು ಪರಮಾಣು ಇಲ್ಲ. ಖಾಲಿ. ಒಂದು ಇಲ್ಲದಿದ್ರೆ ಅಕ್ಕಪಕ್ಕದಲ್ಲಿ ಏನಾಗುತ್ತೆ ಅಂತ ನೋಡೋದೇ ನನ್ನ ಕೆಲಸ.”

ಮಿಡತೆಗೆ ಎಲ್ಲಿತ್ತೋ ಸಿಟ್ಟು, ಉಕ್ಕಿ ಬಂತು.

“ನಮ್ಮನೇಲಿ ಏನಾಗಿದೆ ಅಂತ ನೋಡಿದ್ಯಾ?”

ಅಮ್ಮ ಬಾಯಿ ತೆರೆಯುವಷ್ಟರಲ್ಲಿ ಅವಳು ಹೊರಗೆ ಹೋಗಿಯಾಗಿತ್ತು. ಬಾಗಿಲನ್ನು ಎರಡೂ ಕೈಯಿಂದ ಹಿಡಿದು ಧಡಾರನೆ ಎಳೆದುಕೊಂಡಳು.

ಒಳಗಿನಿಂದ ಸೀನಿಯರ್ ಅಣ್ಣ “ಅಯ್ಯೋ” ಅಂದದ್ದು ಕೇಳಿಸಿತು. ಯಾರೂ ಬೈಯಲಿಲ್ಲ. ಅದಕ್ಕೇ ಅವಳಿಗೆ ಹೆದರಿಕೆಯಾಯಿತು.

ಕಾರಿಡಾರಿನ ಬೆಂಚಿನ ಮೇಲೆ ಮುದುಡಿ ಕೂತಳು. ಎಷ್ಟೋ ಹೊತ್ತಿನ ಮೇಲೆ ಬಾಗಿಲು ಮೆಲ್ಲಗೆ ತೆರೆಯಿತು. ಅಮ್ಮ ಬಂದು ಪಕ್ಕದಲ್ಲಿ ಕೂತಳು.

“ಬೇಕಂತಲೇ ಹಾಕಿದ್ಯಾ?”

“ಹೂಂ.” ಆಮೇಲೆ ಸಣ್ಣ ದನಿಯಲ್ಲಿ, “ಚಿತ್ರ?”

“ಹೋಯ್ತು. ಸೂಜಿ ಹೋಗಿ ಲೋಹಕ್ಕೆ ಗುದ್ದಿದೆ. ಅದನ್ನ ಸರಿಮಾಡಿ ಮೊದಲಿಂದ ಶುರುಮಾಡ್ಬೇಕು.”

“ಸೋಮವಾರದೊಳಗೆ ಆಗುತ್ತಾ?”

“ಗೊತ್ತಿಲ್ಲ ಮರಿ.”

ಅಮ್ಮನ ದನಿಯಲ್ಲಿ ಸಿಟ್ಟಿರಲಿಲ್ಲ, ಸುಸ್ತಿತ್ತು. ಮಿಡತೆ ನೆಲ ನೋಡುತ್ತಾ ಕೇಳಿದಳು, “ನಿನಗೆ ನನಗಿಂತ ಆ ಸೂಜಿನೇ ಹೆಚ್ಚಾ?”

ಅಮ್ಮ ಅವಳ ಕಡೆ ತಿರುಗಿ ಕೂತಳು.

“ಹೆಚ್ಚಲ್ಲ. ಆದ್ರೆ ಅದೂ ಬೇಕು. ಎಂ.ಎಸ್ಸಿ. ಮುಗಿಸಿದಾಗ್ಲೇ ಇದನ್ನ ಓದಬೇಕು ಅಂತಿದ್ದೆ. ಆಗ ಆಗ್ಲಿಲ್ಲ. ಕೆಲಸಕ್ಕೆ ಸೇರಿದೆ, ಮದುವೆ ಆಯ್ತು, ನೀನು ಬಂದೆ. ಎಲ್ಲಾ ಚೆನ್ನಾಗೇ ಇತ್ತು. ಆದ್ರೂ ಈ ಊರಿಗೆ ಯಾವುದಾದ್ರೂ ಕೆಲಸಕ್ಕೆ ಬಂದಾಗ, ಬಸ್ಸು ಈ ಗೇಟಿನ ಮುಂದೆ ಬರುತ್ತಲ್ಲ, ಆಗ ನಾನು ಮುಖ ಬೇರೆ ಕಡೆ ತಿರುಗಿಸ್ಕೊಂಡುಬಿಡ್ತಿದ್ದೆ. ನೋಡಿದ್ರೆ ಅಳು ಬರುತ್ತಿತ್ತು.”

ಮಿಡತೆ ತಲೆಯೆತ್ತಿದಳು. ಮನೆಯ ಬಾಗಿಲ ಹಿಂದೆ ಅಮ್ಮನ ಹಳೇ ಚಪ್ಪಲಿ ಇದೆ. ಸ್ಕೂಲಿಗೆ ಹೊರಡುವಾಗ ಅವಳು ಅದನ್ನು ನೋಡದೆ ದಾಟುತ್ತಾಳೆ. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಈಗಲೂ ಹೇಳಲಿಲ್ಲ. ಅಮ್ಮನ ಉಲ್ಟಾ ಸ್ವೆಟರಿನ ತೋಳನ್ನು ಹಿಡಿದುಕೊಂಡಳು.

“ನನಗೂ ಸಂಜೆಯಾದ್ರೆ ನೀನು ಬೇಕು ಅನ್ಸುತ್ತೆ,” ಅಂದಳು ಅಮ್ಮ. “ದಿನಾ ಅನ್ಸುತ್ತೆ.”

ಇಬ್ಬರೂ ಒಳಗೆ ಹೋದರು. “ಸಾರಿ ಅಣ್ಣ,” ಅಂದಳು ಮಿಡತೆ. ಅಣ್ಣ ಗುಂಗುರು ಕೂದಲು ಕೆರೆದುಕೊಂಡ. “ಹೋದ ತಿಂಗಳು ನಾನೇ ಕುರ್ಚಿ ಬೀಳಿಸಿದ್ದೆ. ನಿಮ್ಮಮ್ಮ ಆವತ್ತು ಮಾತೇ ಆಡ್ಲಿಲ್ಲ.”

ಸೂಜಿಯನ್ನು ಸರಿಮಾಡಲು ಬಹಳ ಹೊತ್ತು ಹಿಡಿಯಿತು. ಅಮ್ಮ ಕೀಬೋರ್ಡಿನಲ್ಲಿ ಏನೋ ಒತ್ತುವಳು, ಪರದೆ ನೋಡುವಳು, ತಲೆಯಾಡಿಸುವಳು, ಮತ್ತೆ ಒತ್ತುವಳು. ಹಠ ಹಿಡಿದ ಮಗುವಿಗೆ ತುತ್ತು ತಿನ್ನಿಸುವ ಹಾಗಿತ್ತು. ಕೊನೆಗೆ “ಬಂತು,” ಎಂದು ಉಸಿರು ಬಿಟ್ಟಳು.

ಮೊದಲ ಗೆರೆ ಮೂಡಿತು. ಮಿಡತೆ ಮೂಲೆಯ ಸ್ಟೂಲಿನ ಮೇಲೆ ಕಾಲನ್ನು ಮಡಿಸಿ ಕೂತಿದ್ದಳು. ಕಾಲು ಜೋಮು ಹಿಡಿಯಿತು. ಮೂಗಿನ ತುದಿ ತುರಿಸಿತು. ಅವಳು ಅಲ್ಲಾಡಲಿಲ್ಲ. ಅಪ್ಪ ಅವಳನ್ನೇ ನೋಡಿದ, ತನ್ನ ಮಗಳು ಹೌದೋ ಅಲ್ಲವೋ ಎನ್ನುವ ಹಾಗೆ.

ಸಾಲು ಸಾಲಾಗಿ ಉಬ್ಬುಗಳು ಇಳಿದು ಬಂದವು. ಅಮ್ಮ ಪರದೆಯತ್ತ ಬಾಗಿ ಕೂತಿದ್ದಳು. ಆ ಮುಖವನ್ನು ಮಿಡತೆ ಮನೆಯಲ್ಲಿ ಯಾವತ್ತೂ ಕಂಡಿರಲಿಲ್ಲ.

ಬಸ್ಸಿನ ಹೊತ್ತಾದಾಗ ಚಿತ್ರ ಇನ್ನೂ ಕಾಲುಭಾಗವೂ ಆಗಿರಲಿಲ್ಲ. ಅಮ್ಮ ಅದನ್ನು ಅಣ್ಣನಿಗೆ ಒಪ್ಪಿಸಿ, ಸ್ಟಾಪಿನವರೆಗೆ ಜೊತೆಗೆ ಬಂದಳು. ಬಸ್ಸು ಬಂತು. ಮಿಡತೆ ಕಿಟಕಿಯ ಪಕ್ಕ ಕೂತಳು. ಡ್ರೈವರ್ ಟೀ ಕುಡಿಯಲು ಇಳಿದು ಹೋದ. ಅಮ್ಮ ಕಿಟಕಿಯ ಕೆಳಗೆ ನಿಂತು ಮಗಳ ಕೈ ಹಿಡಿದುಕೊಂಡಿದ್ದಳು. ಅವಳ ಕಣ್ಣು ಒಂದು ಸಲ ಕಟ್ಟಡದ ಕಡೆ ಹೋಗಿ ಬಂತು.

ಮಿಡತೆ ಅದನ್ನು ನೋಡಿದಳು. ಇನ್ನೂ ಸ್ವಲ್ಪ ಹೊತ್ತು ಆ ಕೈ ಹಿಡಿದುಕೊಂಡಿರಬೇಕು ಅನಿಸಿತು. ಹಿಡಿದುಕೊಂಡಳು. ಆಮೇಲೆ ಬಿಟ್ಟಳು.

“ನೀನು ಹೋಗಮ್ಮ. ಬಸ್ಸು ಹೊರಡೋದು ಲೇಟು.”

“ಪರವಾಗಿಲ್ಲ, ಇರ್ತೀನಿ.”

“ಹೋಗು ಅಂದ್ನಲ್ಲ.”

ಅಮ್ಮ ಅವಳ ಮುಖವನ್ನೇ ನೋಡಿದಳು. ಕೆನ್ನೆ ತಟ್ಟಿ ಹೊರಟಳು. ಮೊದಲು ನಡೆದಳು. ಆಮೇಲೆ ಬೇಗ ಬೇಗ ನಡೆದಳು. ಗೇಟು ದಾಟಿದ್ದೇ ತಡ, ಓಡತೊಡಗಿದಳು.

ಮಿಡತೆ ಕಿಟಕಿಯ ಸರಳಿಗೆ ಹಣೆಯೊತ್ತಿ ನೋಡುತ್ತಿದ್ದಳು. ಕಣ್ಣು ಮಂಜಾಯಿತು. ಆದರೆ ಮುಖ ತಿರುಗಿಸಲಿಲ್ಲ.

“ಅಪ್ಪಾ, ನೋಡು,” ಅಂದಳು. “ಅಮ್ಮಂಗೆ ಓಡಕ್ಕೆ ಎಷ್ಟು ಚೆನ್ನಾಗಿ ಬರುತ್ತೆ.”